ಕಾಂತಗೋಳದ ಶಿಳ್ಳೆಗೆ ಕಿವಿಗೊಟ್ಟ ವಿಜ್ಞಾನ: ಕಾಂತ ಬಿರುಗಾಳಿಯ ಗುಟ್ಟು ಬಿಡಿಸುವ ನೈಸರ್ಗಿಕ ರೇಡಿಯೊ ಅಲೆಗಳು

ನಮ್ಮ ವರದಿಗಾರರಿಂದ

ಚಳ್ಳಕೆರೆ: 2024ರ ಮೇ 10ರ ರಾತ್ರಿ ಕಳೆದು 11ರ ಬೆಳಗಿನ ಜಾವದ ಹೊತ್ತಿಗೆ ಲಡಾಖ್‌ನ ಹಾನ್ಲೆಯಲ್ಲಿ ಉತ್ತರ ದಿಗಂತ ಕೆಂಪಾಯಿತು. ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ ಅಲ್ಲಿ ನಿಲ್ಲಿಸಿರುವ, ಇಡೀ ಆಕಾಶವನ್ನು ಒಂದೇ ಚಿತ್ರದಲ್ಲಿ ಹಿಡಿಯುವ ಕ್ಯಾಮೆರಾಗಳು ಆ ಬೆಳಕನ್ನು ದಾಖಲಿಸಿದವು. ಧ್ರುವ ಪ್ರದೇಶಗಳಿಗೆ ಮೀಸಲೆಂದು ಭಾವಿಸಲಾಗುವ ಪ್ರಭೆಯ ಅಂಚು ಭಾರತದವರೆಗೆ ಚಾಚಲು ಕಾರಣವಾದದ್ದು ಎರಡು ದಶಕಗಳಲ್ಲೇ ಅತ್ಯಂತ ಪ್ರಬಲವಾದ ಕಾಂತ ಬಿರುಗಾಳಿ.

ಅದೇ ರಾತ್ರಿ ಚಳ್ಳಕೆರೆ, ಮೊಳಕಾಲ್ಮುರು ಕಡೆಯ ಬಯಲಿನಲ್ಲಿ ನಿಂತವರ ಕಣ್ಣಿಗೆ ವಿಶೇಷವೇನೂ ಕಾಣುವಂತಿರಲಿಲ್ಲ. ಆದರೆ ಬಿರುಗಾಳಿ ಕೇವಲ ಧ್ರುವಗಳ ಸಮೀಪ ಬೀಸುವಂಥದ್ದಲ್ಲ. ಅದು ಇಡೀ ಭೂಮಿಯ ಕಾಂತಕ್ಷೇತ್ರವನ್ನು ಅಲುಗಾಡಿಸುತ್ತದೆ. ಕಣ್ಣಿಗೆ ಕಾಣದ ಈ ಅಲುಗಾಟವನ್ನು ಅರಿಯಲು ವಿಜ್ಞಾನಿಗಳು ಬಳಸುವ ಅತ್ಯಂತ ಹಳೆಯ ಹಾಗೂ ಅತ್ಯಂತ ಅಗ್ಗದ ಸಾಧನಗಳಲ್ಲಿ ಒಂದು, ಪ್ರಕೃತಿಯೇ ಹೊರಡಿಸುವ ರೇಡಿಯೊ ಅಲೆಗಳು. ಈ ಅಲೆಗಳು ಯಾವುವು, ಅವುಗಳಿಂದ ತಿಳಿಯುವುದೇನು, ಕರ್ನಾಟಕಕ್ಕೆ ಈ ವಿಷಯ ಏಕೆ ಮುಖ್ಯ ಎಂಬುದರ ಪರಿಚಯ ಇಲ್ಲಿದೆ.

ಕಾಂತಗೋಳ ಎಂದರೇನು?

ಭೂಮಿಯ ಒಡಲಿನಲ್ಲಿ ಕುದಿಯುವ ದ್ರವರೂಪದ ಕಬ್ಬಿಣದ ಚಲನೆಯಿಂದ ಭೂಮಿಗೆ ಕಾಂತಕ್ಷೇತ್ರ ಒದಗಿದೆ. ಅದರ ಬಲರೇಖೆಗಳು ಒಂದು ಗೋಳಾರ್ಧದಿಂದ ಹೊರಟು, ಆಕಾಶದಲ್ಲಿ ಕಮಾನಿನಂತೆ ಬಾಗಿ, ಮತ್ತೊಂದು ಗೋಳಾರ್ಧಕ್ಕೆ ಇಳಿಯುತ್ತವೆ. ಸೂರ್ಯನಿಂದ ಸದಾ ಹರಿದುಬರುವ ವಿದ್ಯುದಾವಿಷ್ಟ ಕಣಗಳ ಪ್ರವಾಹವಾದ ಸೌರ ಮಾರುತವನ್ನು ಈ ಕ್ಷೇತ್ರ ತಡೆದು ಪಕ್ಕಕ್ಕೆ ಸರಿಸುತ್ತದೆ. ಹೀಗೆ ಭೂಮಿಯ ಕಾಂತಬಲದ ಪ್ರಭುತ್ವ ನಡೆಯುವ ವಲಯವೇ ಕಾಂತಗೋಳ. ಸೂರ್ಯನ ಕಡೆಗೆ ಅದರ ಗಡಿ ಸಾಮಾನ್ಯವಾಗಿ ಭೂಮಿಯ ತ್ರಿಜ್ಯದ ಸುಮಾರು ಹತ್ತು ಪಟ್ಟು ದೂರದಲ್ಲಿದ್ದರೆ, ವಿರುದ್ಧ ದಿಕ್ಕಿನಲ್ಲಿ ಅದು ಉದ್ದನೆಯ ಬಾಲವಾಗಿ ಚಂದ್ರನ ಕಕ್ಷೆಯಾಚೆಗೂ ಹಬ್ಬಿದೆ.

ಈ ವಲಯ ಬರಿದಾಗಿಲ್ಲ. ಭೂಮಿಗೆ ಹತ್ತಿರದಲ್ಲಿ, ಅಯಾನುಗೋಳದಿಂದ ಮೇಲೇರಿದ ತಣ್ಣನೆಯ, ದಟ್ಟವಾದ ಕಣಗಳು ತುಂಬಿದ ಪ್ಲಾಸ್ಮಾಗೋಳವಿದೆ. ಅದರ ಜೊತೆಗೇ, 1958ರಲ್ಲಿ ಎಕ್ಸ್‌ಪ್ಲೋರರ್-1 ಉಪಗ್ರಹದ ನೆರವಿನಿಂದ ಜೇಮ್ಸ್ ವ್ಯಾನ್ ಅಲೆನ್ ಗುರುತಿಸಿದ, ಅತಿ ವೇಗದ ಕಣಗಳು ಸುತ್ತುವ ವಿಕಿರಣ ಪಟ್ಟಿಗಳಿವೆ. ಇಂದು ನಾವು ಅವಲಂಬಿಸಿರುವ ಸಂಪರ್ಕ, ಹವಾಮಾನ ಹಾಗೂ ಪಥದರ್ಶಕ ಉಪಗ್ರಹಗಳಲ್ಲಿ ಹೆಚ್ಚಿನವು ಈ ವಲಯದಲ್ಲೇ ಸಂಚರಿಸುತ್ತವೆ.

ಬಿರುಗಾಳಿ ಏಳುವುದು ಹೇಗೆ?

ಸೂರ್ಯನ ಹೊರಪದರದಿಂದ ಕೆಲವೊಮ್ಮೆ ಕೋಟ್ಯಂತರ ಟನ್ ಕಣರಾಶಿ ಕಾಂತಕ್ಷೇತ್ರವನ್ನೂ ಹೊತ್ತುಕೊಂಡು ಸಿಡಿದು ಹೊರಬೀಳುತ್ತದೆ. ಅದು ಭೂಮಿಯತ್ತ ಬಂದರೆ ಒಂದರಿಂದ ಮೂರು ದಿನಗಳಲ್ಲಿ ತಲುಪುತ್ತದೆ. ಹಾಗೆ ಬಂದ ರಾಶಿಯ ಕಾಂತಕ್ಷೇತ್ರ ದಕ್ಷಿಣಾಭಿಮುಖವಾಗಿದ್ದರೆ ಭೂಮಿಯ ಕ್ಷೇತ್ರದೊಡನೆ ಅದು ಬೆಸೆದುಕೊಂಡು, ಸೌರ ಮಾರುತದ ಶಕ್ತಿ ಕಾಂತಗೋಳದೊಳಗೆ ನುಗ್ಗಲು ಬಾಗಿಲು ತೆರೆದಂತಾಗುತ್ತದೆ. ಒಳಬಂದ ಕಣಗಳು ಭೂಮಿಯನ್ನು ಸುತ್ತುವರಿದು ಬೃಹತ್ ವಿದ್ಯುತ್ ಪ್ರವಾಹದ ಉಂಗುರವನ್ನು ನಿರ್ಮಿಸುತ್ತವೆ. ಈ ಉಂಗುರ ಪ್ರವಾಹ ಭೂಮಿಯ ಕಾಂತಕ್ಷೇತ್ರವನ್ನು, ಅದರಲ್ಲೂ ಕೆಳ ಅಕ್ಷಾಂಶಗಳಲ್ಲಿ, ತಗ್ಗಿಸುತ್ತದೆ.

ನಮ್ಮ ಭಾಗದಲ್ಲಿ ಭೂಮಿಯ ಕಾಂತಕ್ಷೇತ್ರದ ಬಲ ಸುಮಾರು 40,000 ನ್ಯಾನೊಟೆಸ್ಲಾ. 2024ರ ಮೇ ಬಿರುಗಾಳಿಯಲ್ಲಿ, ಇಂಥ ಬಿರುಗಾಳಿಗಳ ತೀವ್ರತೆಯನ್ನು ಅಳೆಯಲು ಬಳಸುವ ಸೂಚ್ಯಂಕ ಸುಮಾರು 400 ನ್ಯಾನೊಟೆಸ್ಲಾದಷ್ಟು ಕುಸಿಯಿತು. ಶೇಕಡಾ ಒಂದರಷ್ಟು ಇಳಿಕೆ ಅಲ್ಪವೆನಿಸಬಹುದು. ಆದರೆ ಇಡೀ ಭೂಮಂಡಲದ ಕ್ಷೇತ್ರವನ್ನು ಅಷ್ಟು ತಗ್ಗಿಸಲು ಬೇಕಾದ ಶಕ್ತಿ ಅಗಾಧ.

ಭಾರತದ ನೆಲದ ದಾಖಲೆಯೊಂದು ಇಲ್ಲಿ ಉಲ್ಲೇಖನೀಯ. 1859ರ ಸೆಪ್ಟೆಂಬರ್ ಆರಂಭದ ಐತಿಹಾಸಿಕ ಬಿರುಗಾಳಿಯ ಸಮಯದಲ್ಲಿ ಮುಂಬೈನ ಕೊಲಾಬಾ ವೀಕ್ಷಣಾಲಯದಲ್ಲಿ ಕಾಂತಕ್ಷೇತ್ರದ ಅಡ್ಡ ಘಟಕ ಸುಮಾರು 1,600 ನ್ಯಾನೊಟೆಸ್ಲಾದಷ್ಟು ಇಳಿದದ್ದು ದಾಖಲಾಗಿದೆ. ಆ ಬಿರುಗಾಳಿ ಎಷ್ಟು ಪ್ರಬಲವಾಗಿತ್ತೆಂದು ಲೆಕ್ಕ ಹಾಕಲು 2003ರಲ್ಲಿ ವಿಜ್ಞಾನಿಗಳು ಆಧರಿಸಿದ್ದು ಈ ಕೊಲಾಬಾ ಕಡತಗಳನ್ನೇ. ಮುಂಬೈಗೆ ವಿದ್ಯುತ್ ಟ್ರಾಮ್ ಬರಲಿದ್ದುದರಿಂದ ಮಾಪನಕ್ಕೆ ಅಡ್ಡಿಯಾಗುವುದೆಂದು 1904ರಲ್ಲಿ ಆ ಕೆಲಸವನ್ನು ಅಲಿಬಾಗ್‌ಗೆ ಸ್ಥಳಾಂತರಿಸಲಾಯಿತು. ಅಲ್ಲಿನ ವೀಕ್ಷಣಾಲಯ ಭಾರತೀಯ ಭೂಕಾಂತತ್ವ ಸಂಸ್ಥೆಯ ಅಧೀನದಲ್ಲಿದೆ.

ಸಿಡಿಲಿನಿಂದ ಶಿಳ್ಳೆ

ಕಾಂತಮಾಪಕ ನೆಲದ ಮೇಲಿನ ಪರಿಣಾಮವನ್ನು ಹೇಳುತ್ತದೆ. ಆದರೆ ಸಾವಿರಾರು ಕಿಲೋಮೀಟರ್ ಎತ್ತರದಲ್ಲಿ ಏನು ನಡೆಯುತ್ತಿದೆ ಎಂಬುದನ್ನು ನೆಲದಲ್ಲೇ ಕುಳಿತು ತಿಳಿಯುವುದು ಹೇಗೆ? ಇದಕ್ಕೆ ಉತ್ತರ ದೊರೆತದ್ದು ಸಿಡಿಲಿನಿಂದ.

ಮಧ್ಯಮ ತರಂಗದ ರೇಡಿಯೊದಲ್ಲಿ ಭದ್ರಾವತಿಯನ್ನೋ ಬೆಂಗಳೂರನ್ನೋ ಕೇಳುತ್ತಿದ್ದವರಿಗೆ, ಭರಣಿ ಮಳೆಯ ಮುಂಚಿನ ಸಂಜೆಗಳಲ್ಲಿ ಚಟಪಟ ಸದ್ದು ನುಗ್ಗಿ ವಾರ್ತೆ ಕೆಡುತ್ತಿದ್ದುದು ನೆನಪಿರಬಹುದು. ಪ್ರತಿಯೊಂದು ಮಿಂಚೂ ಒಂದು ರೇಡಿಯೊ ಪ್ರಸಾರ ಕೇಂದ್ರವಿದ್ದಂತೆ. ಪ್ರಪಂಚದಾದ್ಯಂತ ಸೆಕೆಂಡಿಗೆ ಸರಾಸರಿ ಸುಮಾರು 45 ಮಿಂಚುಗಳು ಹೊಳೆಯುತ್ತವೆ ಎಂದು ಉಪಗ್ರಹ ಮಾಪನಗಳು ತಿಳಿಸುತ್ತವೆ. ಅವು ಹೊರಡಿಸುವ ಶಕ್ತಿಯ ಹೆಚ್ಚಿನ ಪಾಲು ಕೆಲವು ಸಾವಿರ ಹರ್ಟ್ಸ್ ಕಂಪನಾಂಕದ ಅತಿ ನಿಮ್ನ ಅಲೆಗಳಲ್ಲಿರುತ್ತದೆ. 10 ಸಾವಿರ ಹರ್ಟ್ಸ್‌ನ ಅಲೆಯೊಂದರ ಉದ್ದ 30 ಕಿಲೋಮೀಟರ್!

ಈ ಕಂಪನಾಂಕಗಳು ಮನುಷ್ಯನ ಕಿವಿಗೆ ಕೇಳುವ ಶ್ರೇಣಿಯಲ್ಲೇ ಇವೆ. ಆದರೆ ಇವು ವಿದ್ಯುತ್ಕಾಂತೀಯ ಅಲೆಗಳಾದ್ದರಿಂದ ಕಿವಿ ನೇರವಾಗಿ ಗ್ರಹಿಸಲಾರದು. ಉದ್ದನೆಯ ತಂತಿ ಅಥವಾ ಸುರುಳಿಯ ಆಂಟೆನಾ, ಒಂದು ವರ್ಧಕ, ಒಂದು ಹೆಡ್‌ಫೋನ್ ಇದ್ದರೆ ಸಾಕು. ಅಲೆಯ ಏರಿಳಿತ ಅದೇ ಕಂಪನಾಂಕದ ಧ್ವನಿಯಾಗಿ ಕೇಳಿಸುತ್ತದೆ.

ಮೊದಲು ಇದನ್ನು ಕೇಳಿದವರು ವಿಜ್ಞಾನಿಗಳಲ್ಲ, ತಂತಿ ಕಚೇರಿಯ ನೌಕರರು. 1894ರ ಮಾರ್ಚ್ ಕೊನೆಯಲ್ಲಿ ಧ್ರುವಪ್ರಭೆ ಕಾಣಿಸಿಕೊಂಡಾಗ ಬ್ರಿಟನ್ನಿನ ಟೆಲಿಗ್ರಾಫ್ ತಂತಿಗಳಿಗೆ ಟೆಲಿಫೋನ್ ಜೋಡಿಸಿ ಆಲಿಸಿದವರಿಗೆ ವಿಚಿತ್ರ ಶಬ್ದಗಳು ಕೇಳಿಸಿದವು ಎಂದು ವಿಲಿಯಂ ಪ್ರೀಸ್ ವರದಿ ಮಾಡಿದರು. ಮೊದಲ ಮಹಾಯುದ್ಧದಲ್ಲಿ ಶತ್ರುಗಳ ದೂರವಾಣಿ ಸಂಭಾಷಣೆಯನ್ನು ಕದ್ದಾಲಿಸುತ್ತಿದ್ದ ಜರ್ಮನ್ ಪಡೆಗಳಿಗೆ ಮೇಲಿನ ಸ್ವರದಿಂದ ಕೆಳಗಿನ ಸ್ವರಕ್ಕೆ ಜಾರುವ ಶಿಳ್ಳೆ ಕೇಳಿಸುತ್ತಿತ್ತು. ಭೌತವಿಜ್ಞಾನಿ ಹೈನ್ರಿಚ್ ಬಾರ್ಕ್‌ಹೌಸೆನ್ 1919ರಲ್ಲಿ ಅದನ್ನು ಪ್ರಕಟಿಸಿದರು. ಮುಂದೆ ಈ ಅಲೆಗಳಿಗೆ ‘ವಿಸ್ಲರ್’ ಎಂಬ ಹೆಸರೇ ನಿಂತಿತು. ಕನ್ನಡದಲ್ಲಿ ಶಿಳ್ಳೆ ಅಲೆ ಎನ್ನಬಹುದು.

ಈ ಶಿಳ್ಳೆಯ ಅರ್ಥವನ್ನು ಬಿಡಿಸಿದವರು ಕೇಂಬ್ರಿಡ್ಜ್‌ನ ಸಂಶೋಧಕ ಎಲ್. ಆರ್. ಓವನ್ ಸ್ಟೋರಿ. 1953ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, ಸಿಡಿಲಿನ ಅಲೆಯ ಒಂದಂಶ ಅಯಾನುಗೋಳವನ್ನು ತೂರಿ, ಭೂಮಿಯ ಕಾಂತ ಬಲರೇಖೆಯ ಗುಂಟ ಆಕಾಶಕ್ಕೇರಿ, ವಿರುದ್ಧ ಗೋಳಾರ್ಧದಲ್ಲಿ ಇಳಿಯುತ್ತದೆ. ದಾರಿಯಲ್ಲಿ ಸಿಗುವ ಎಲೆಕ್ಟ್ರಾನುಗಳ ನಡುವೆ ಹೆಚ್ಚು ಕಂಪನಾಂಕದ ಅಲೆ ಬೇಗ ಸಾಗಿದರೆ ಕಡಿಮೆ ಕಂಪನಾಂಕದ್ದು ಹಿಂದುಳಿಯುತ್ತದೆ. ಹೊರಡುವಾಗ ಒಂದೇ ಕ್ಷಣದ ‘ಚಟ್’ ಸದ್ದಾಗಿದ್ದುದು ತಲುಪುವಾಗ ಒಂದೆರಡು ಸೆಕೆಂಡುಗಳ ಇಳಿಸ್ವರವಾಗಿ ಹರಡಿಕೊಂಡಿರುತ್ತದೆ.

ವಿಳಂಬವೇ ಮಾಹಿತಿ

ಸ್ಟೋರಿ ಅವರ ಶೋಧದ ನಿಜವಾದ ಮಹತ್ವ ಇಲ್ಲಿದೆ. ಶಿಳ್ಳೆ ಎಷ್ಟು ಹರಡಿಕೊಂಡಿದೆ ಎಂಬುದನ್ನು ಅಳೆದರೆ, ಅದು ಸಾಗಿಬಂದ ದಾರಿಯಲ್ಲಿ ಎಷ್ಟು ಎಲೆಕ್ಟ್ರಾನುಗಳಿದ್ದವು ಎಂಬುದನ್ನು ಲೆಕ್ಕ ಹಾಕಬಹುದು. ಉಪಗ್ರಹ ಯುಗ ಆರಂಭವಾಗುವುದಕ್ಕೆ ನಾಲ್ಕು ವರ್ಷ ಮೊದಲೇ, ಒಂದು ತಂತಿ ಮತ್ತು ಧ್ವನಿಮುದ್ರಣ ಯಂತ್ರದ ಸಹಾಯದಿಂದ, ಭೂಮಿಯಿಂದ ಸಾವಿರಾರು ಕಿಲೋಮೀಟರ್ ದೂರದ ಆಕಾಶದಲ್ಲಿ ಅಂದುಕೊಂಡದ್ದಕ್ಕಿಂತ ಬಹಳ ಹೆಚ್ಚು ಎಲೆಕ್ಟ್ರಾನುಗಳಿವೆ ಎಂದು ಅವರು ತೋರಿಸಿದರು.

ಎತ್ತರದ ಅಕ್ಷಾಂಶಗಳಲ್ಲಿ ಮತ್ತೊಂದು ಬಗೆಯ ಶಿಳ್ಳೆಯೂ ಸಿಗುತ್ತದೆ. ಅದರಲ್ಲಿ ನಡುವಿನ ಒಂದು ಕಂಪನಾಂಕ ಎಲ್ಲಕ್ಕಿಂತ ಮೊದಲು ತಲುಪಿ, ಅದರ ಮೇಲಿನ ಮತ್ತು ಕೆಳಗಿನ ಸ್ವರಗಳು ಆಮೇಲೆ ಬರುತ್ತವೆ. ಚಿತ್ರದಲ್ಲಿ ಮೂಗಿನಂತೆ ಕಾಣುವ ಈ ತುದಿಯಿಂದ ಅಲೆ ಯಾವ ಬಲರೇಖೆಯ ಮೂಲಕ ಬಂದಿತೆಂಬುದನ್ನೇ ಗುರುತಿಸಬಹುದು. ಅಂದರೆ ಎಲೆಕ್ಟ್ರಾನುಗಳ ಸಾಂದ್ರತೆಯ ಜೊತೆಗೆ ಆ ಸಾಂದ್ರತೆ ಇರುವ ಜಾಗದ ವಿಳಾಸವೂ ದೊರೆತಂತಾಯಿತು.

ಈ ವಿಧಾನವನ್ನು ಬಳಸಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡಾನ್ ಕಾರ್ಪೆಂಟರ್ 1963ರಲ್ಲಿ ಮಹತ್ವದ ಸಂಗತಿಯೊಂದನ್ನು ಪ್ರಕಟಿಸಿದರು. ಭೂಮಿಯಿಂದ ಹೊರಹೋದಂತೆ ಎಲೆಕ್ಟ್ರಾನುಗಳ ಸಾಂದ್ರತೆ ನಿಧಾನವಾಗಿ ಇಳಿಯದೆ, ಒಂದು ಗಡಿಯಲ್ಲಿ ಮೆಟ್ಟಿಲು ಇಳಿದಂತೆ ಥಟ್ಟನೆ ಕುಸಿಯುತ್ತದೆ. ಪ್ಲಾಸ್ಮಾಗೋಳದ ಅಂಚು ಇದೇ. ಇನ್ನೂ ಮುಖ್ಯವಾದುದೆಂದರೆ, ಈ ಅಂಚು ಸ್ಥಿರವಾಗಿಲ್ಲ. ಕಾಂತ ಬಿರುಗಾಳಿ ಎದ್ದಾಗ ಅದು ಭೂಮಿಯ ಕಡೆಗೆ ಸರಿಯುತ್ತದೆ. ಹೊರವಲಯದ ತಣ್ಣನೆಯ ಕಣಗಳನ್ನು ಬಿರುಗಾಳಿ ಗುಡಿಸಿ ಹಾಕಿಬಿಡುತ್ತದೆ.

ಈ ಕುಗ್ಗುವಿಕೆ ಎಷ್ಟಿರಬಹುದು ಎಂಬುದಕ್ಕೆ 2024ರ ಮೇ ಬಿರುಗಾಳಿಯೇ ನಿದರ್ಶನ. ಜಪಾನಿನ ‘ಅರಾಸೆ’ ಉಪಗ್ರಹ ತನ್ನ ಸುತ್ತಲಿನ ನೈಸರ್ಗಿಕ ಪ್ಲಾಸ್ಮಾ ಅಲೆಗಳ ಕಂಪನಾಂಕವನ್ನು ಅಳೆದು ಎಲೆಕ್ಟ್ರಾನ್ ಸಾಂದ್ರತೆಯನ್ನು ನಿರ್ಧರಿಸುತ್ತದೆ. ಸಾಮಾನ್ಯ ದಿನಗಳಲ್ಲಿ ಭೂಮಿಯಿಂದ ಸುಮಾರು 44,000 ಕಿಲೋಮೀಟರ್ ಎತ್ತರದಲ್ಲಿದ್ದ ಪ್ಲಾಸ್ಮಾಗೋಳದ ಅಂಚು, ಒಂಬತ್ತು ಗಂಟೆಗಳಲ್ಲಿ ಸುಮಾರು 9,600 ಕಿಲೋಮೀಟರಿಗೆ ಇಳಿದದ್ದು ಅದರ ದತ್ತಾಂಶದಿಂದ ಕಂಡುಬಂದಿತು. ಮತ್ತೆ ತುಂಬಿಕೊಳ್ಳಲು ನಾಲ್ಕು ದಿನಗಳಿಗೂ ಹೆಚ್ಚು ಕಾಲ ಹಿಡಿಯಿತು.

ಹಕ್ಕಿಗಳ ಕಲರವ, ಉಪಗ್ರಹಗಳಿಗೆ ಕಂಟಕ

ಶಿಳ್ಳೆಯ ಹೊರತಾಗಿ ಕಾಂತಗೋಳದಲ್ಲೇ ಹುಟ್ಟುವ ಅಲೆಗಳೂ ಇವೆ. ಅವುಗಳಲ್ಲಿ ಪ್ರಸಿದ್ಧವಾದದ್ದು ‘ಕೋರಸ್’. ನಸುಕಿನಲ್ಲಿ ಮರದ ತುಂಬ ಕುಳಿತ ಹಕ್ಕಿಗಳು ಒಟ್ಟಿಗೆ ಉಲಿದಂತೆ ಕೇಳಿಸುವುದರಿಂದ ಈ ಹೆಸರು. ವಿಶೇಷವೆಂದರೆ ಈ ಅಲೆಗಳು ಭೂಮಿಯ ಮುಂಜಾವಿನ ಭಾಗದಲ್ಲೇ ಹೆಚ್ಚು ಪ್ರಬಲ.

ಬಿರುಗಾಳಿಯಲ್ಲಿ ಕಾಂತಗೋಳದ ಬಾಲದಿಂದ ಒಳನುಗ್ಗುವ ಎಲೆಕ್ಟ್ರಾನುಗಳು ಪ್ಲಾಸ್ಮಾಗೋಳದ ಹೊರಗೆ ಈ ಅಲೆಗಳನ್ನು ಎಬ್ಬಿಸುತ್ತವೆ. ಎದ್ದ ಅಲೆಗಳು ಸುಮ್ಮನಿರುವುದಿಲ್ಲ. ಅಲ್ಲಿರುವ ಇತರ ಎಲೆಕ್ಟ್ರಾನುಗಳಿಗೆ, ತೊಟ್ಟಿಲನ್ನು ಸರಿಯಾದ ಹೊತ್ತಿಗೆ ತೂಗಿದಂತೆ, ಮತ್ತೆ ಮತ್ತೆ ಶಕ್ತಿ ನೀಡುತ್ತವೆ. ಒಂದೆರಡು ದಿನಗಳಲ್ಲಿ ಆ ಎಲೆಕ್ಟ್ರಾನುಗಳು ಬೆಳಕಿನ ವೇಗದ ಸಮೀಪಕ್ಕೆ ಬರುತ್ತವೆ. ಉಪಗ್ರಹದ ಹೊರಕವಚವನ್ನು ಹೊಕ್ಕು ಒಳಗಿನ ವಿದ್ಯುನ್ಮಾನ ಭಾಗಗಳಲ್ಲಿ ವಿದ್ಯುದಂಶ ಶೇಖರಿಸಿ ಅವನ್ನು ಕೆಡಿಸಬಲ್ಲ ಇವುಗಳನ್ನು ‘ಕೊಲೆಗಡುಕ ಎಲೆಕ್ಟ್ರಾನುಗಳು’ ಎಂದೇ ಕರೆಯುವುದುಂಟು. ವಿಕಿರಣ ಪಟ್ಟಿಯೊಳಗೇ ಈ ವೇಗವರ್ಧನೆ ನಡೆಯುತ್ತದೆ ಎಂಬುದನ್ನು ನಾಸಾ 2012ರ ಆಗಸ್ಟ್‌ನಲ್ಲಿ ಹಾರಿಸಿದ ಅವಳಿ ವ್ಯಾನ್ ಅಲೆನ್ ನೌಕೆಗಳ ಮಾಪನಗಳು 2013ರಲ್ಲಿ ದೃಢಪಡಿಸಿದವು. ಆ ನೌಕೆಗಳು 2019ರವರೆಗೆ ಕಾರ್ಯ ನಿರ್ವಹಿಸಿದವು.

ಇದಕ್ಕೆ ವಿರುದ್ಧವಾದ ಕೆಲಸ ಮಾಡುವ ಅಲೆಯೂ ಉಂಟು. ಪ್ಲಾಸ್ಮಾಗೋಳದ ಒಳಗೆ ‘ಹಿಸ್’ ಎಂಬ, ಹಾವಿನ ಬುಸುಗುಟ್ಟುವಿಕೆಯಂಥ ಅಲೆಯಿದೆ. ಅದು ಎಲೆಕ್ಟ್ರಾನುಗಳ ದಾರಿ ತಪ್ಪಿಸಿ ವಾತಾವರಣಕ್ಕೆ ಉದುರಿಸುತ್ತದೆ. ಒಳ ಮತ್ತು ಹೊರ ವಿಕಿರಣ ಪಟ್ಟಿಗಳ ನಡುವೆ ಸುರಕ್ಷಿತವೆನ್ನಬಹುದಾದ ಖಾಲಿ ವಲಯ ಉಳಿದಿರುವುದು ಮುಖ್ಯವಾಗಿ ಈ ಅಲೆಯಿಂದ. ಆದರೆ ಪ್ಲಾಸ್ಮಾಗೋಳವೇ ಕುಗ್ಗಿದಾಗ ಈ ರಕ್ಷಣೆಯೂ ಹಿಮ್ಮೆಟ್ಟುತ್ತದೆ. 2003ರ ಅಕ್ಟೋಬರ್ ಕೊನೆಯ ಬಿರುಗಾಳಿಯಲ್ಲಿ ಹೀಗೆಯೇ ಆ ಖಾಲಿ ವಲಯ ಅಪಾಯಕಾರಿ ಎಲೆಕ್ಟ್ರಾನುಗಳಿಂದ ತುಂಬಿಹೋಗಿತ್ತು. 2024ರ ಮೇ ಬಿರುಗಾಳಿಯ ನಂತರವೂ ಪಟ್ಟಿಗಳ ನಡುವೆ ಹೊಸ ತಾತ್ಕಾಲಿಕ ಪಟ್ಟಿಗಳು ಏರ್ಪಟ್ಟು, ಅವುಗಳಲ್ಲಿ ಎಲೆಕ್ಟ್ರಾನುಗಳದು ಮೂರು ತಿಂಗಳಿಗೂ ಹೆಚ್ಚು ಕಾಲ ಉಳಿದುಕೊಂಡಿತ್ತು.

ಭಾರತದಲ್ಲಿ ಶಿಳ್ಳೆ ಬೇಟೆ

ಭಾರತದಲ್ಲಿ ಶಿಳ್ಳೆ ಅಲೆಗಳ ಅಧ್ಯಯನಕ್ಕೆ ನೆಲೆಯಾದವು ಗುಲ್ಮಾರ್ಗ್, ನೈನಿತಾಲ್ ಹಾಗೂ ವಾರಾಣಸಿ. ವಾರಾಣಸಿಯ ಬನಾರಸ್ ಹಿಂದೂ ವಿಶ್ವವಿದ್ಯಾಲಯ ಈ ಕೆಲಸದಲ್ಲಿ ಮುಂಚೂಣಿಯಲ್ಲಿತ್ತು. ಕಾಂತ ಬಿರುಗಾಳಿಗಳು ಶಿಳ್ಳೆ ಅಲೆಗಳ ದಾರಿಯ ಮೇಲೆ ಬೀರುವ ಪರಿಣಾಮದ ಬಗ್ಗೆ ವಿ. ವಿ. ಸೋಮಯಾಜುಲು ಮತ್ತು ಬಿ. ಎ. ಪಿ. ತಂತ್ರಿ 1968ರಲ್ಲೇ ಪ್ರಬಂಧ ಪ್ರಕಟಿಸಿದ್ದರು.

ಅಲೆ ಬಲರೇಖೆಯ ಗುಂಟ ಸಾಗಲು ಎಲೆಕ್ಟ್ರಾನುಗಳ ಸಾಂದ್ರತೆಯಲ್ಲಿ ಕೊಳವೆಯಂಥ ರಚನೆ ಏರ್ಪಡಬೇಕಾಗುತ್ತದೆ. ಕೆಳ ಅಕ್ಷಾಂಶಗಳಲ್ಲಿ ಇಂಥ ಕೊಳವೆಗಳು ಸುಲಭವಾಗಿ ಏರ್ಪಡುವುದಿಲ್ಲ. ಹೀಗಾಗಿ ಭಾರತದ ಕೇಂದ್ರಗಳಲ್ಲಿ ಶಿಳ್ಳೆ ಅಪರೂಪದ ಅತಿಥಿ. ಕಾಂತ ಬಿರುಗಾಳಿಯ ಅವಧಿಯಲ್ಲಿ ಮಾತ್ರ ಅದರ ಭೇಟಿ ಹೆಚ್ಚುತ್ತದೆ. ಇಲ್ಲಿ ಶಿಳ್ಳೆಯ ಸಂಖ್ಯೆಯೇ ಬಿರುಗಾಳಿಯ ಒಂದು ಕುರುಹು.

ಚಳ್ಳಕೆರೆಯಲ್ಲಿ ಏನು ಕೇಳಿಸೀತು?

ಕುದಾಪುರದ ಬಳಿಯ ಬಯಲಿನಲ್ಲೋ ಮೊಳಕಾಲ್ಮುರಿನ ಗುಡ್ಡಗಳ ನಡುವೆಯೋ ಇಂಥ ಗ್ರಾಹಕವನ್ನು ಇಟ್ಟರೆ ಶಿಳ್ಳೆ ಕೇಳಿಸೀತೇ? ಉತ್ತರ ನಿರಾಶಾದಾಯಕ: ಸಾಧ್ಯತೆ ಇಲ್ಲವೆನ್ನುವಷ್ಟು ಕಡಿಮೆ. ಕಾರಣ ಸರಳ ಜ್ಯಾಮಿತಿ.

ಭೂಕಾಂತ ಅಕ್ಷಾಂಶ ಹೆಚ್ಚಿದಷ್ಟೂ ಅಲ್ಲಿಂದ ಹೊರಡುವ ಬಲರೇಖೆ ಆಕಾಶದಲ್ಲಿ ಎತ್ತರಕ್ಕೇರುತ್ತದೆ. 60 ಡಿಗ್ರಿ ಕಾಂತ ಅಕ್ಷಾಂಶದಿಂದ ಹೊರಟ ರೇಖೆ ಸುಮಾರು 19,000 ಕಿಲೋಮೀಟರ್ ಎತ್ತರ ಮುಟ್ಟುತ್ತದೆ. 24 ಡಿಗ್ರಿಯಲ್ಲಿರುವ ಗುಲ್ಮಾರ್ಗ್‌ನದು ಸುಮಾರು 1,300 ಕಿಲೋಮೀಟರ್. ವಾರಾಣಸಿಯದು ಇನ್ನೂ ಕಡಿಮೆ. ಚಳ್ಳಕೆರೆಯ ಭೌಗೋಳಿಕ ಅಕ್ಷಾಂಶ 14 ಡಿಗ್ರಿಯಾದರೂ, ಕಾಂತ ಸಮಭಾಜಕ ವೃತ್ತ ಭಾರತದ ದಕ್ಷಿಣ ತುದಿಯ ಸಮೀಪ ಹಾದುಹೋಗುವುದರಿಂದ ಅದರ ಕಾಂತ ಅಕ್ಷಾಂಶ ಕೇವಲ 6 ಡಿಗ್ರಿಯಷ್ಟು. ಇಲ್ಲಿನ ನೆಲದಿಂದ ಹೊರಟ ಬಲರೇಖೆ ನೂರು ಕಿಲೋಮೀಟರಿನ ಆಸುಪಾಸಿಗೆ ಏರುವಷ್ಟರಲ್ಲೇ ಬಾಗಿ ಇಳಿಯುತ್ತದೆ. ಅದು ಕಾಂತಗೋಳದ ಒಳವಲಯವನ್ನು ಮುಟ್ಟುವುದೇ ಇಲ್ಲ.

ಆದರೆ ಗ್ರಾಹಕ ಮೌನವಾಗಿರುವುದಿಲ್ಲ. ಹಗಲಿನಲ್ಲಿ ದೂರದ ಸಿಡಿಲುಗಳ ಚಟಪಟ ಸದ್ದು ಕೇಳಿಸುತ್ತದೆ. ರಾತ್ರಿ ಅದೇ ಸದ್ದು ‘ಟ್ವೀಕ್’ ಎಂದು ಮಿಡಿಯುವ ನಾದವಾಗುತ್ತದೆ. ನೆಲಕ್ಕೂ ಅಯಾನುಗೋಳದ ಕೆಳ ಅಂಚಿಗೂ ನಡುವೆ ಪುಟಿಯುತ್ತ ಸಾವಿರಾರು ಕಿಲೋಮೀಟರ್ ಸಾಗಿಬಂದ ಅಲೆಯಿದು. ಈ ನಾದ ಸುಮಾರು 1,700 ಹರ್ಟ್ಸ್‌ಗಿಂತ ಕೆಳಗೆ ಇಳಿಯಲಾರದು. ಆ ಮಿತಿಯನ್ನು ನಿರ್ಧರಿಸುವುದು ಅಯಾನುಗೋಳದ ಎತ್ತರ. ಬೆಳಕಿನ ವೇಗವನ್ನು ಈ ಕಂಪನಾಂಕದ ಎರಡರಷ್ಟರಿಂದ ಭಾಗಿಸಿದರೆ ಸುಮಾರು 88 ಕಿಲೋಮೀಟರ್ ಎಂಬ ಉತ್ತರ ಬರುತ್ತದೆ. ಪ್ರೌಢಶಾಲೆಯ ಗಣಿತದಿಂದಲೇ ಅಯಾನುಗೋಳದ ಕೆಳ ಅಂಚನ್ನು ಅಳೆದಂತಾಯಿತು! ರಾತ್ರಿಯಿಂದ ರಾತ್ರಿಗೆ, ಬಿರುಗಾಳಿಯ ಮುಂಚೆ ಮತ್ತು ನಂತರ, ಈ ಎತ್ತರ ಹೇಗೆ ಬದಲಾಗುತ್ತದೆ ಎಂಬುದನ್ನು ಅನುಸರಿಸುವುದು ಇಂದಿಗೂ ಸಂಶೋಧನೆಯ ವಿಷಯವೇ.

ಇದಕ್ಕೆ ಬೇಕಾದ ಮುಖ್ಯ ಅನುಕೂಲವೆಂದರೆ ವಿದ್ಯುತ್ ತಂತಿಗಳಿಂದ ದೂರವಿರುವ ಬಯಲು. 50 ಹರ್ಟ್ಸ್‌ನ ವಿದ್ಯುತ್ ಮಾರ್ಗಗಳ ಗುಂಯ್‌ಗುಡುವಿಕೆ ನಗರಗಳಲ್ಲಿ ಉಳಿದೆಲ್ಲ ಸದ್ದನ್ನೂ ನುಂಗಿಹಾಕುತ್ತದೆ. ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಆವರಣವಿದ್ದು, ಅಲ್ಲಿ ಶಾಲಾ-ಕಾಲೇಜು ವಿಜ್ಞಾನ ಶಿಕ್ಷಕರಿಗೆ ತರಬೇತಿ ನಡೆಯುತ್ತದೆ. ಸಿಡಿಲಿನ ಅಲೆಯಿಂದ ಅಯಾನುಗೋಳ ಅಳೆಯುವ ಈ ಪ್ರಯೋಗ ಅಂಥ ಶಿಕ್ಷಕರ ಕೈಗೆಟಕುವ ಮಟ್ಟದ್ದು.

ಗೌರಿಬಿದನೂರು: ಸೂರ್ಯನ ಇಳಿಸ್ವರ

ಕರ್ನಾಟಕದಲ್ಲಿ ನೈಸರ್ಗಿಕ ರೇಡಿಯೊ ಅಲೆಗಳ ಅಧ್ಯಯನಕ್ಕೆ ನಿಜವಾದ ಕೇಂದ್ರ ಗೌರಿಬಿದನೂರು. ಚಳ್ಳಕೆರೆಯಿಂದ ಆಗ್ನೇಯಕ್ಕೆ, ನೇರ ರೇಖೆಯಲ್ಲಿ ಸುಮಾರು 120 ಕಿಲೋಮೀಟರ್ ದೂರದಲ್ಲಿರುವ ಈ ವೀಕ್ಷಣಾಲಯ 1976ರಿಂದ ಕಾರ್ಯನಿರತವಾಗಿದೆ. ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಜಂಟಿಯಾಗಿ ಇಲ್ಲಿ ಸಾವಿರ ಡೈಪೋಲ್ ಆಂಟೆನಾಗಳ, ಇಂಗ್ಲಿಷಿನ ‘ಟಿ’ ಅಕ್ಷರದಾಕಾರದ ದೂರದರ್ಶಕವನ್ನು ನಿರ್ಮಿಸಿದವು. ಪೂರ್ವ-ಪಶ್ಚಿಮವಾಗಿ ಅದರ ಉದ್ದ 1.4 ಕಿಲೋಮೀಟರ್. 1997ರಿಂದ ಸೂರ್ಯನಿಗಾಗಿಯೇ ಮೀಸಲಾದ ರೇಡಿಯೊ ಹೀಲಿಯೊಗ್ರಾಫ್ ಇಲ್ಲಿ ಕೆಲಸ ಮಾಡುತ್ತಿದೆ.

ಇಲ್ಲಿ ಆಲಿಸುವುದು ಭೂಮಿಯ ಕಾಂತಗೋಳವನ್ನಲ್ಲ, ಬಿರುಗಾಳಿಯ ಮೂಲವನ್ನು. ಸೂರ್ಯನ ಹೊರಪದರದಲ್ಲಿ ಸ್ಫೋಟದ ಆಘಾತ ತರಂಗ ಹೊರಕ್ಕೆ ಸಾಗಿದಂತೆ ಅದು ಹೊರಡಿಸುವ ರೇಡಿಯೊ ಅಲೆಯ ಕಂಪನಾಂಕವೂ ಇಳಿಯುತ್ತ ಹೋಗುತ್ತದೆ. ಹೊರಗೆ ಹೋದಷ್ಟೂ ಎಲೆಕ್ಟ್ರಾನುಗಳ ಸಾಂದ್ರತೆ ಕಡಿಮೆಯಾಗುವುದೇ ಇದಕ್ಕೆ ಕಾರಣ. ಎಷ್ಟು ಬೇಗ ಇಳಿಯಿತು ಎಂಬುದರಿಂದ ಆಘಾತದ ವೇಗ ತಿಳಿಯುತ್ತದೆ. ಸಿಡಿಲಿನ ಶಿಳ್ಳೆಯಂತೆ ಸೂರ್ಯನ ಈ ಇಳಿಸ್ವರದಲ್ಲೂ ಎಲೆಕ್ಟ್ರಾನುಗಳ ಲೆಕ್ಕ ಅಡಗಿದೆ. ಬೆಳಕಿನ ವೇಗದಲ್ಲಿ ಬರುವ ಈ ಸುಳಿವು ಎಂಟು ನಿಮಿಷಗಳಲ್ಲಿ ಭೂಮಿಯನ್ನು ತಲುಪುತ್ತದೆ. ಕಣರಾಶಿ ತಲುಪಲು ದಿನಗಳೇ ಬೇಕು.

ಅದಮಾರಿನಿಂದ ಆದಿತ್ಯದವರೆಗೆ

ಸೌರ ಮಾರುತಕ್ಕೂ ಭೂಮಿಯ ಕಾಂತ ಚಟುವಟಿಕೆಗೂ ಇರುವ ನಂಟನ್ನು ಅಂಕಿಅಂಶಗಳಿಂದ ಸ್ಥಾಪಿಸಿದವರಲ್ಲಿ ಕನ್ನಡಿಗರೊಬ್ಬರಿದ್ದಾರೆ ಎಂಬುದು ಅನೇಕರಿಗೆ ತಿಳಿಯದು. ಉಡುಪಿ ಬಳಿಯ ಅದಮಾರಿನಲ್ಲಿ 1932ರಲ್ಲಿ ಜನಿಸಿದ ಉಡುಪಿ ರಾಮಚಂದ್ರ ರಾವ್, ಮುಂದೆ ಇಸ್ರೊ ಅಧ್ಯಕ್ಷರಾಗಿ ಹೆಸರಾದವರು. ಅದಕ್ಕೂ ಬಹಳ ಮೊದಲು, ಶುಕ್ರ ಗ್ರಹದತ್ತ 1962ರಲ್ಲಿ ಹೊರಟ ಮ್ಯಾರಿನರ್-2 ನೌಕೆಯ ಮಾಪನಗಳನ್ನು ಆಧರಿಸಿ ಕಾನ್ವೇ ಸ್ನೈಡರ್ ಮತ್ತು ಮಾರ್ಸಿಯಾ ನ್ಯೂಗೆಬವರ್ ಅವರೊಡನೆ 1963ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದ್ದರು. ಸೌರ ಮಾರುತದ ವೇಗ ಏರಿದಾಗ ಭೂಮಿಯ ಕಾಂತ ಚಟುವಟಿಕೆಯೂ ಏರುತ್ತದೆ ಎಂಬುದನ್ನು ಆ ಪ್ರಬಂಧ ತೋರಿಸಿತು. ಕಾರ್ಪೆಂಟರ್ ಅವರು ಪ್ಲಾಸ್ಮಾಗೋಳದ ಅಂಚನ್ನು ಪ್ರಕಟಿಸಿದ ವರ್ಷವೂ ಅದೇ.

ಅದೇ ಪರಂಪರೆಯ ಮುಂದುವರಿಕೆಯೆಂಬಂತೆ ಇಸ್ರೊ 2023ರ ಸೆಪ್ಟೆಂಬರ್ 2ರಂದು ಆದಿತ್ಯ-ಎಲ್1 ನೌಕೆಯನ್ನು ಹಾರಿಸಿತು. 2024ರ ಜನವರಿ 6ರಂದು ಅದು ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದ ತನ್ನ ನೆಲೆಯನ್ನು ಸೇರಿತು. ಅದರ ಮುಖ್ಯ ಉಪಕರಣವನ್ನು ನಿರ್ಮಿಸಿದ್ದು ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ. ಕಾಂತಮಾಪಕವನ್ನು ಸಿದ್ಧಪಡಿಸಿದ್ದು ಇಸ್ರೊದ ಬೆಂಗಳೂರಿನ ಪ್ರಯೋಗಾಲಯ. 2024ರ ಮೇ ಬಿರುಗಾಳಿಯನ್ನು ಈ ನೌಕೆಯೂ ದಾಖಲಿಸಿದೆ. ಸೌರ ಮಾರುತ ಆ ನೆಲೆಯಿಂದ ಭೂಮಿಗೆ ಬರಲು ಅರ್ಧ ಗಂಟೆಯಿಂದ ಒಂದು ಗಂಟೆಯಷ್ಟು ಕಾಲ ಹಿಡಿಯುತ್ತದೆ. ನಿಖರ ಮುನ್ನೆಚ್ಚರಿಕೆಗೆ ಸಿಗುವ ಅವಧಿ ಇಷ್ಟೇ.

ನಮಗೇಕೆ ಈ ಚಿಂತೆ?

1989ರ ಮಾರ್ಚ್ 13ರಂದು ಕಾಂತ ಬಿರುಗಾಳಿಯಿಂದ ಕೆನಡಾದ ಕ್ವಿಬೆಕ್ ಪ್ರಾಂತದ ವಿದ್ಯುತ್ ಜಾಲ ಕುಸಿದು ಸುಮಾರು 60 ಲಕ್ಷ ಜನ ಒಂಬತ್ತು ಗಂಟೆ ಕತ್ತಲಲ್ಲಿದ್ದರು. 2022ರ ಫೆಬ್ರುವರಿಯಲ್ಲಿ, ಅಷ್ಟೇನೂ ಪ್ರಬಲವಲ್ಲದ ಬಿರುಗಾಳಿಯಿಂದ ಮೇಲ್ವಾತಾವರಣ ಹಿಗ್ಗಿ, ಆಗಷ್ಟೇ ಹಾರಿಸಿದ್ದ 49 ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ ಹೆಚ್ಚಿನವು ನಷ್ಟವಾದವು. 2024ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಬಿತ್ತನೆಯ ಹೊತ್ತಿಗೆ ಸರಿಯಾಗಿ ಉಪಗ್ರಹ ಪಥದರ್ಶನದ ಟ್ರ್ಯಾಕ್ಟರುಗಳು ದಾರಿ ತಪ್ಪಿದವು.

ದಕ್ಷಿಣ ಭಾರತದಲ್ಲಿ ವಿದ್ಯುತ್ ಜಾಲಕ್ಕೆ ಧ್ರುವ ಪ್ರದೇಶಗಳಷ್ಟು ಅಪಾಯವಿಲ್ಲ. ಇಲ್ಲಿನ ಚಿಂತೆ ಬೇರೆ. ಕಾಂತ ಸಮಭಾಜಕ ವೃತ್ತದ ಆಸುಪಾಸಿನ ಅಯಾನುಗೋಳ ಪ್ರಪಂಚದಲ್ಲೇ ಅತ್ಯಂತ ದಟ್ಟವಾದುದು ಹಾಗೂ ಚಂಚಲವಾದುದು. ಬಿರುಗಾಳಿಯಲ್ಲಿ ಅದು ಇನ್ನಷ್ಟು ಕದಡಿ, ಉಪಗ್ರಹಗಳಿಂದ ಬರುವ ಪಥದರ್ಶಕ ಸಂಕೇತಗಳನ್ನು ವಿಳಂಬಿಸುತ್ತದೆ, ಮಿನುಗಿಸುತ್ತದೆ, ಒಮ್ಮೊಮ್ಮೆ ಕಡಿದೇ ಹಾಕುತ್ತದೆ. ವಿಮಾನ ಸಂಚಾರ, ಭೂಮಾಪನ, ಡ್ರೋನ್ ಹಾರಾಟ ಎಲ್ಲವೂ ಈ ಸಂಕೇತಗಳನ್ನು ಅವಲಂಬಿಸಿವೆ.

ಚಳ್ಳಕೆರೆಗೆ ಈ ಮಾತು ನೇರವಾಗಿ ಅನ್ವಯಿಸುತ್ತದೆ. ಒಂದು ಕಾಲದಲ್ಲಿ ಅಮೃತಮಹಲ್ ರಾಸುಗಳು ಮೇಯುತ್ತಿದ್ದ ಕಾವಲು ಭೂಮಿಯಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಯ ವೈಮಾನಿಕ ಪರೀಕ್ಷಾ ವಲಯ 2017ರಲ್ಲಿ ಉದ್ಘಾಟನೆಯಾಯಿತು. ಇಸ್ರೊದ ಮರುಬಳಕೆಯ ವಾಹನವನ್ನು ಹೆಲಿಕಾಪ್ಟರಿನಿಂದ 4.5 ಕಿಲೋಮೀಟರ್ ಎತ್ತರದಲ್ಲಿ ಬಿಟ್ಟು ತಾನೇ ತಾನಾಗಿ ರನ್‌ವೇಗೆ ಇಳಿಸುವ ಪ್ರಯೋಗಗಳು 2023ರ ಏಪ್ರಿಲ್ 2, 2024ರ ಮಾರ್ಚ್ 22 ಮತ್ತು ಜೂನ್ 23ರಂದು ಇಲ್ಲೇ ಯಶಸ್ವಿಯಾದವು. ಆ ವಾಹನ ದಾರಿ ಕಂಡುಕೊಳ್ಳಲು ಬಳಸಿದ ಸಾಧನಗಳಲ್ಲಿ ಭಾರತದ್ದೇ ಆದ ನಾವಿಕ್ ಉಪಗ್ರಹಗಳ ಗ್ರಾಹಕವೂ ಒಂದು. ಉಪಗ್ರಹ ಸಂಕೇತವೊಂದನ್ನೇ ನಂಬದೆ ರಾಡಾರ್ ಎತ್ತರಮಾಪಕ, ಜಡತ್ವ ಸಂವೇದಕ, ನೆಲದ ಮೇಲಿನ ಸಂಕೇತ ವ್ಯವಸ್ಥೆಗಳನ್ನೂ ಜೊತೆಗೂಡಿಸಲಾಗಿತ್ತು. ಒಂದು ಸಂಕೇತ ಕೈಕೊಟ್ಟರೆ ಇನ್ನೊಂದು ಕೈಹಿಡಿಯಬೇಕೆಂಬುದು ಇಂಥ ಜೋಡಣೆಯ ತತ್ವ.

ಬಿರುಗಾಳಿಯನ್ನು ತಡೆಯುವುದು ಮನುಷ್ಯನಿಂದಾಗದ ಮಾತು. ಆದರೆ ಯಾವ ವಲಯದಲ್ಲಿ ಯಾವ ಅಲೆ ಎದ್ದಿದೆ, ಪ್ಲಾಸ್ಮಾಗೋಳ ಎಷ್ಟು ಕುಗ್ಗಿದೆ, ಎಲೆಕ್ಟ್ರಾನುಗಳು ಯಾವಾಗ ಅಪಾಯದ ಮಟ್ಟ ಮುಟ್ಟಲಿವೆ ಎಂಬುದು ಮೊದಲೇ ತಿಳಿದರೆ, ಉಪಗ್ರಹಗಳ ಸೂಕ್ಷ್ಮ ಉಪಕರಣಗಳನ್ನು ಸ್ಥಗಿತಗೊಳಿಸಬಹುದು, ಹಾರಾಟದ ಪ್ರಯೋಗಗಳನ್ನು ಮುಂದೂಡಬಹುದು. ಆ ತಿಳಿವಳಿಕೆಯ ದೊಡ್ಡ ಪಾಲು ಬರುತ್ತಿರುವುದು ಸಿಡಿಲು, ಕಾಂತಗೋಳ ಮತ್ತು ಸೂರ್ಯ ತಾವಾಗಿ ಹೊರಡಿಸುವ ಅಲೆಗಳಿಂದ.

ಪ್ರಮುಖ ಮೈಲಿಗಲ್ಲುಗಳು

1859: ಐತಿಹಾಸಿಕ ಕಾಂತ ಬಿರುಗಾಳಿ, ಕೊಲಾಬಾ ವೀಕ್ಷಣಾಲಯದಲ್ಲಿ ದಾಖಲು.
1894: ಟೆಲಿಗ್ರಾಫ್ ತಂತಿಗಳಲ್ಲಿ ಕೇಳಿಸಿದ ಶಬ್ದಗಳ ಬಗ್ಗೆ ಪ್ರೀಸ್ ವರದಿ.
1919: ಶಿಳ್ಳೆ ಅಲೆಗಳ ಕುರಿತು ಬಾರ್ಕ್‌ಹೌಸೆನ್ ಪ್ರಕಟಣೆ.
1953: ಶಿಳ್ಳೆಯ ಮೂಲ ಸಿಡಿಲು, ದಾರಿ ಕಾಂತ ಬಲರೇಖೆ ಎಂದು ಸ್ಟೋರಿ ನಿರೂಪಣೆ.
1963: ಪ್ಲಾಸ್ಮಾಗೋಳದ ಅಂಚಿನ ಶೋಧ, ಸೌರ ಮಾರುತ ಮತ್ತು ಕಾಂತ ಚಟುವಟಿಕೆಯ ನಂಟಿನ ಬಗ್ಗೆ ಯು. ಆರ್. ರಾವ್ ಮತ್ತಿತರರ ಪ್ರಬಂಧ.
1968: ಬಿರುಗಾಳಿ ಹಾಗೂ ಶಿಳ್ಳೆ ಅಲೆಗಳ ಬಗ್ಗೆ ಸೋಮಯಾಜುಲು-ತಂತ್ರಿ ಅಧ್ಯಯನ.
1976: ಗೌರಿಬಿದನೂರು ರೇಡಿಯೊ ವೀಕ್ಷಣಾಲಯ ಆರಂಭ.
2013: ವಿಕಿರಣ ಪಟ್ಟಿಯೊಳಗೇ ಎಲೆಕ್ಟ್ರಾನುಗಳ ವೇಗವರ್ಧನೆ ದೃಢ.
2024: ಮೇ ತಿಂಗಳ ಬಿರುಗಾಳಿ, ಹಾನ್ಲೆಯಲ್ಲಿ ಕೆಂಪು ಪ್ರಭೆ, ಆದಿತ್ಯ-ಎಲ್1ರಿಂದ ದಾಖಲು.